ಉಜ್ಜುವ ಕೈ

ಬೆಳಿಗ್ಗೆ ಏಳೂವರೆಯಷ್ಟರಲ್ಲೇ ಐದನೆಯ ಸಲ ಡೈಪರ್ ಬಿಚ್ಚಲು ಕೂತ ಪೇಂಟರನ ಬೆರಳು ಅಂಟುಪಟ್ಟಿಯ ಹತ್ತಿರ ಹೋಗಿ ನಿಂತುಬಿಟ್ಟಿತು. ಚಾಪೆಯ ಮೇಲೆ ಮಲಗಿದ್ದ ಮಗು ಅವನ ಮುಖವನ್ನೇ ನೋಡುತ್ತಿತ್ತು. ಎಂಟು ತಿಂಗಳ ಕೂಸಿಗೆ ಏನು ತಿಳಿಯುತ್ತದೆ ಎನ್ನುವವರು ಆ ಹೊತ್ತಿನಲ್ಲಿ ಅದರ ಕೆಳತುಟಿಯನ್ನು ನೋಡಬೇಕಿತ್ತು. ಪಟ್ಟಿ ಪರ್ ಎನ್ನುವ ಮೊದಲೇ ಅದು ಮುಂದೆ ಬಂದು ನಡುಗುತ್ತಿತ್ತು. ಅಳು ಆಮೇಲಿನ ಮಾತು.

"ಆಯ್ತು ಗುಂಡಾ, ಆಯ್ತು. ಎರಡೇ ನಿಮಿಷ," ಎಂದ ಪೇಂಟರ್. ಎರಡು ನಿಮಿಷದಲ್ಲಿ ಮುಗಿಯುವ ಕೆಲಸವಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಗುಂಡ ಎಂದು ಹೆಸರಿಟ್ಟವಳು ಅಜ್ಜಿ, ಹುಟ್ಟಿದ ದಿನವೇ, ಆಸೆಯಿಂದ. ಮೈಯಲ್ಲಿ ಗುಂಡಗಿದ್ದದ್ದು ತಲೆಯೊಂದೇ. ಕಾಲುಗಳನ್ನು ಎತ್ತಿ ಹಿಡಿದರೆ ಎರಡೂ ಪಾದ ಪೇಂಟರನ ಒಂದೇ ಮುಷ್ಟಿಯಲ್ಲಿ ಬರುತ್ತಿದ್ದವು. ಹಾಗೆ ಹಿಡಿದು ಅವನು ಬಲಗೈಗೆ ಒದ್ದೆ ಬಟ್ಟೆ ತೆಗೆದುಕೊಂಡ. ಅಡುಗೆಮನೆಯಲ್ಲಿ ಡಬ್ಬಿಗೆ ಊಟ ತುಂಬುತ್ತಿದ್ದ ಹೆಂಡತಿ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ನೀರು ಬಕೆಟ್ಟಿನ ತಳಕ್ಕೆ ಧೋ ಎಂದು ಬಿತ್ತು. ಮಗು ಕಿರುಚಿತು. ಆ ಕಿರುಚಾಟದ ಮುಂದೆ ನಲ್ಲಿಯ ಸದ್ದು ಯಾವ ಲೆಕ್ಕ! ಆದರೂ ಅವಳು ಪ್ರತಿ ಸಲ ತಿರುಗಿಸುತ್ತಿದ್ದಳು, ಅವನು ಮುಗಿಸಿ "ಆಯ್ತು" ಎಂದ ಮೇಲೆ ನಿಲ್ಲಿಸುತ್ತಿದ್ದಳು. ಬಕೆಟ್ಟು ತುಂಬಿ ಹರಿದರೂ ಅವನು ಏನೂ ಅನ್ನುತ್ತಿರಲಿಲ್ಲ.

ಹುಟ್ಟಿದ ಮೂರನೆಯ ದಿನ ಮಗುವಿನ ಹೊಟ್ಟೆ ಉಬ್ಬಿಕೊಂಡು, ಕರುಳಿನ ಕೊನೆಯ ತುಂಡು ಕೆಲಸ ಮಾಡುತ್ತಿಲ್ಲವೆಂದು ತಿಳಿದಿತ್ತು. ಡಾಕ್ಟರು ಹೊಟ್ಟೆಯ ಮೇಲೆ ಒಂದು ಬಾಯಿ ಮಾಡಿ, ಅದಕ್ಕೊಂದು ಚೀಲ ಅಂಟಿಸಿದ್ದರು. ಏಳು ತಿಂಗಳು ಹೋಗಬೇಕಾದದ್ದೆಲ್ಲ ಆ ಚೀಲಕ್ಕೇ ಹೋಯಿತು. ಮೂರು ವಾರದ ಹಿಂದೆ ಎರಡನೆಯ ಆಪರೇಶನ್ ಆಗಿ, ಕರುಳು ಸೇರಿಸಿ, ಹೊಟ್ಟೆಯ ಬಾಯಿ ಮುಚ್ಚಿದರು. ಇನ್ನು ಎಲ್ಲ ಮಕ್ಕಳ ಹಾಗೆ ಎಂದುಕೊಂಡರು. ಎಲ್ಲ ಮಕ್ಕಳು ದಿನಕ್ಕೆ ಹದಿನೈದು ಸಲ ಹೋಗುವುದಿಲ್ಲ. ನೀರಿನ ಹಾಗೆ ಬರುತ್ತಿದ್ದ ಅದು ಮುಟ್ಟಿದಲ್ಲೆಲ್ಲ ಸುಡುತ್ತಿತ್ತು. ಏಳು ತಿಂಗಳು ಏನನ್ನೂ ಕಾಣದೆ ಹೂವಿನಂತಿದ್ದ ಚರ್ಮ ಮೊದಲು ಕೆಂಪಾಯಿತು, ಆಮೇಲೆ ಹೊಳೆಯತೊಡಗಿತು, ಆಮೇಲೆ ಅಲ್ಲಲ್ಲಿ ಕಿತ್ತುಬಂದು ರಸ ಒಸರಿತು. ಈಗ ರಕ್ತ.

"ಚೆನ್ನಾಗಿ ಕ್ಲೀನ್ ಮಾಡಿ, ಒಣಗಿಸಿ, ಕ್ರೀಮ್ ಹಚ್ಚಿ," ಎಂದಿದ್ದರು ಮನೆಗೆ ಕಳಿಸುವಾಗ. ಹೇಳಿದ ಡಾಕ್ಟರ ಕಾಲು ಆಗಲೇ ಮುಂದಿನ ಮಂಚದ ಕಡೆಗಿತ್ತು. ಹೆಂಡತಿ ಎರಡು ದಿನ ಮಾಡಿದಳು. ಮಗು ಕಿರುಚಿದ ಕೂಡಲೇ ಅವಳ ಕೈ ನಡುಗಿ, ಅರ್ಧ ಒರೆಸಿ ಅರ್ಧ ಬಿಟ್ಟು, ಹಳೆಯ ಕ್ರೀಮಿನ ಮೇಲೇ ಹೊಸದನ್ನು ಮೆತ್ತಿ ಎತ್ತಿಕೊಂಡುಬಿಡುತ್ತಿದ್ದಳು. ಅದನ್ನು ನೋಡಿ ಪೇಂಟರನ ಮೈ ಉರಿಯಿತು.

"ಹೀಗಾ ಹಚ್ಚೋದು? ಕೆಳಗೆ ಕೊಳೆ ಹಾಗೇ ಇದೆ. ಸರಿ ಆಕಡೆ, ನಾನು ಮಾಡ್ತೀನಿ."

ಇಪ್ಪತ್ತೆರಡು ವರ್ಷದಿಂದ ಗೋಡೆಗೆ ಬಣ್ಣ ಹೊಡೆದವನು. ಜೊತೆಯವರು ಅವನನ್ನು ಕರೆಯುತ್ತಿದ್ದದ್ದೇ 'ಫಿನಿಶಿಂಗ್' ಎಂದು. ಸ್ವಲ್ಪ ಗೌರವ, ಸ್ವಲ್ಪ ಗೇಲಿ. ಎಲ್ಲರೂ ಮಧ್ಯಾಹ್ನಕ್ಕೆ ಎರಡನೆಯ ಕೋಟು ಹೊಡೆದು ಬೀಡಿ ಹಚ್ಚಿದರೆ, ಇವನು ಇನ್ನೂ ಹಳೆಯ ಬಣ್ಣವನ್ನೇ ಕೆರೆಯುತ್ತಿರುತ್ತಿದ್ದ. ಚಕ್ಕೆ ಬಿಟ್ಟದ್ದನ್ನೆಲ್ಲ ಬ್ಲೇಡಿನಲ್ಲಿ ಎಬ್ಬಿಸಿ, ಉಜ್ಜುಕಾಗದ ಹಾಕಿ, ಅಂಗೈ ಸವರಿ ನೋಡಿ, ಮತ್ತೆ ಉಜ್ಜಿ. ಹಳೆಯದರ ಮೇಲೆ ಹೊಸದನ್ನು ಬಳಿಯುವುದು ಅವನ ಪ್ರಕಾರ ಕಳ್ಳತನಕ್ಕೆ ಸಮ. ಹಚ್ಚುವುದಾದರೂ ತೆಳ್ಳಗೆ ಹಚ್ಚಬೇಕು, ಒಂದೇ ಸಮ ಇರಬೇಕು. ಆ ಕೈಯನ್ನೇ ಅವನು ಮಗುವಿಗೂ ತಂದ. ಸೋಪಿನ ನೀರಿನಲ್ಲಿ ಅದ್ದಿದ ಮೆತ್ತನೆಯ ಬಟ್ಟೆಯಿಂದ, ಒಂದು ಬಿಳಿ ಕಲೆ ಉಳಿಯದಂತೆ, ಮಡಿಕೆ ಮಡಿಕೆ ಬಿಡಿಸಿ ಒರೆಸುತ್ತಿದ್ದ. ಚರ್ಮ ಕಂಡ ಮೇಲೆ ಬೆರಳ ತುದಿಯಲ್ಲಿ ಕ್ರೀಮು ತೆಗೆದುಕೊಂಡು ತೆಳ್ಳಗೆ ಎಳೆಯುತ್ತಿದ್ದ. ಮಗು ಉಸಿರು ಕಟ್ಟಿ ನೀಲಿಯಾದರೂ ಕೆಲಸ ಅರ್ಧಕ್ಕೆ ಬಿಟ್ಟವನಲ್ಲ. ಹಲ್ಲು ಕಚ್ಚಿಕೊಂಡು ಮುಗಿಸುತ್ತಿದ್ದ. ಮುಗಿಸಿದ ಮೇಲೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಂಡು ಬರುತ್ತಿದ್ದ.

ಹೆಂಡತಿ ಡಬ್ಬಿ ಹಿಡಿದು ಬಾಗಿಲಿಗೆ ಬಂದಳು. ಹೊಲಿಗೆ ಕಾರ್ಖಾನೆಯಲ್ಲಿ ಕಾಲರ್ ಕೂರಿಸುವ ಕೆಲಸ. ಇನ್ನೊಂದು ದಿನ ರಜೆ ಹಾಕಿದರೆ ಮೆಷಿನ್ನಿಗೆ ಬೇರೆಯವರನ್ನು ಕೂರಿಸುತ್ತೇವೆ ಎಂದು ಹೇಳಿಯಾಗಿತ್ತು. ಅವನ ಕೆಲಸ ಹಾಗಲ್ಲ, ಗೋಡೆ ಕಾಯುತ್ತದೆ. ಅದಕ್ಕೇ ಹಗಲೆಲ್ಲ ಮಗು ಅವನ ಪಾಲಿಗೆ.

"ಇವತ್ತು ಆಸ್ಪತ್ರೆಗೆ ಹೋಗ್ತೀರಲ್ಲ? ಏನಂತಾರೋ," ಎಂದಳು.

"ಏನಂತಾರೆ. ನೋಡ್ತಾರೆ."

"ಅಡ್ಮಿಟ್ ಮಾಡಿ ಅಂದ್ರೆ?"

ಅವನು ಮಗುವನ್ನು ಎತ್ತಿ ಹೆಗಲಿಗೆ ಹಾಕಿಕೊಂಡ. ಎಂಟು ತಿಂಗಳಲ್ಲಿ ನಾಲ್ಕು ತಿಂಗಳು ಆ ವಾರ್ಡಿನಲ್ಲೇ ಕಳೆದಿತ್ತು. ಅಲ್ಲಿನ ಗೋಡೆಯ ಹಸಿರನ್ನು ನೆನೆಸಿಕೊಳ್ಳುವುದೂ ಅವನಿಗೆ ಬೇಡವಾಗಿತ್ತು.

"ಅಡ್ಮಿಟ್ ಅಂದ್ರೆ ಮತ್ತೆ ಸೂಜಿ, ಮತ್ತೆ ಟ್ಯೂಬು..." ಅವಳು ಮಗುವಿನ ತಲೆಯನ್ನು ಮುಟ್ಟಿದಳು. ಮಗುವಿನ ಮುಖವನ್ನು ಮಾತ್ರ ನೋಡಲಿಲ್ಲ. "ಎಲ್ಲಾ ನನ್ನಿಂದ," ಎಂದು ಚಪ್ಪಲಿ ಮೆಟ್ಟಿಕೊಂಡಳು.

ಅಲ್ಲ ಎಂದು ಹೇಳಬೇಕಿತ್ತು. ಹೇಳಲು ಅವನಿಗೆ ಬಾಯಿ ಬರಲಿಲ್ಲ. ಯಾಕೆಂದರೆ ಆ ಮಾತನ್ನು ಅವಳ ತಲೆಗೆ ಹಾಕಿದವನೇ ಅವನು. ಚೀಲ ತೆಗೆದು ಹೊಟ್ಟೆಯ ಬಾಯಿ ಮುಚ್ಚುವ ಆಪರೇಶನ್ ಈಗಲಾದರೂ ಸರಿ, ಎರಡು ತಿಂಗಳು ಬಿಟ್ಟಾದರೂ ಸರಿ ಎಂದು ಡಾಕ್ಟರು ಹೇಳಿದಾಗ, ಇನ್ನೊಂದಿಷ್ಟು ತೂಕ ಬರಲಿ ಎಂದು ಅವನೆಂದಿದ್ದ. ಅವಳು ಕೇಳಿರಲಿಲ್ಲ. ಬಸ್ಸಿನಲ್ಲಿ ಚೀಲ ಸೋರಿ, ಪಕ್ಕದ ಹೆಂಗಸು ಮೂಗು ಮುಚ್ಚಿಕೊಂಡು ಎದ್ದುಹೋದ ದಿನದಿಂದ ಅವಳಿಗೆ ಅದೊಂದೇ ಹಟ. "ಈಗಲೇ ಮಾಡಿಸೋಣ, ನನ್ನ ಮಗ ಎಲ್ಲರ ಹಾಗಿರಲಿ." ಮನೆಗೆ ಬಂದ ನಾಲ್ಕನೆಯ ದಿನ, ಮೊದಲ ಸಲ ಬಟ್ಟೆಗೆ ರಕ್ತ ಹತ್ತಿದಾಗ, ಸಿಟ್ಟಿನಲ್ಲಿ ಅವನ ಬಾಯಿಂದ ಬಂದದ್ದು ಎರಡೇ ಮಾತು. "ಅವಸರ ಯಾರಿಗಿತ್ತು?" ಅವಳು ಜಗಳಕ್ಕೆ ಬರಲಿಲ್ಲ. ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ತಿರುಗಿಸುವುದು ಶುರುವಾದದ್ದು ಆ ದಿನದಿಂದ.

ಆಸ್ಪತ್ರೆಯ ಬೆಂಚಿನಲ್ಲಿ ಒಂದೂವರೆ ಗಂಟೆ ಕೂತ. ಅಷ್ಟರಲ್ಲಿ ಎರಡು ಡೈಪರ್ ಆಯಿತು. ಎರಡನೆಯದನ್ನು ಬೆಂಚಿನ ಮೇಲೆಯೇ ಬದಲಾಯಿಸುವಾಗ, ಎದುರು ಕೂತ ಮುದುಕನೊಬ್ಬ ಕಿವಿಯ ಮೇಲೆ ಕೈ ಇಟ್ಟುಕೊಂಡ. ಪೇಂಟರನಿಗೆ ಸಿಟ್ಟು ಬರಲಿಲ್ಲ. ಸಿಟ್ಟಿಗೂ ಸ್ವಲ್ಪ ನಿದ್ದೆ ಬೇಕು.

ಡಾಕ್ಟರು ನೋಡಿ, ತುಟಿ ಬಿಗಿದು, "ಸೋಮವಾರ ಬನ್ನಿ. ಅಷ್ಟರಲ್ಲಿ ಒಣಗೋಕೆ ಶುರುವಾಗದಿದ್ರೆ ಅಡ್ಮಿಟ್ ಮಾಡ್ಕೋಬೇಕು. ಸೋಂಕು ಆದ್ರೆ ಕಷ್ಟ," ಎಂದರು. ಆಮೇಲೆ ಚೀಟಿಯ ಮೇಲೆ ಏನೋ ಗೀಚಿ, "ಆ ಕೊನೇ ರೂಮಿನ ಸಿಸ್ಟರ್ ಹತ್ರ ತೋರಿಸ್ಕೊಂಡು ಹೋಗಿ," ಎಂದರು.

ಕೊನೆಯ ರೂಮಿನ ಸಿಸ್ಟರನ್ನು ಇಡೀ ವಾರ್ಡು 'ಚೀಲದಕ್ಕ' ಎನ್ನುತ್ತಿತ್ತು. ಹೊಟ್ಟೆಗೆ ಚೀಲ ಅಂಟಿಸಿದವರಿಗೆಲ್ಲ ಅದನ್ನು ನೋಡಿಕೊಳ್ಳುವುದು ಹೇಗೆಂದು ಕಲಿಸುತ್ತಿದ್ದವಳು ಅವಳೇ. ದಪ್ಪ ಕನ್ನಡಕ, ದಪ್ಪ ದನಿ, ಯಾರಿಗೂ ಹೆದರದ ನಾಲಿಗೆ. ಅವಳ ಮೇಜಿನ ಮೇಲೆ ಒಂದು ಹಳೆಯ ಬೊಂಬೆ. ಅದರ ಹೊಟ್ಟೆಗೂ ಚೀಲ.

"ಬಾರೋ ಗುಂಡ, ಚೀಲ ಹೋಯ್ತು ಅಂತ ಅಕ್ಕನ್ನ ಮರ್ತೇಬಿಟ್ಯಾ?" ಎಂದು ಮಗುವನ್ನು ಮೇಜಿಗೆ ಮಲಗಿಸಿಕೊಂಡಳು. ಡೈಪರ್ ಬಿಚ್ಚಿ, ಕನ್ನಡಕ ಮೇಲೇರಿಸಿ, ಮೂಗು ತಾಗುವಷ್ಟು ಬಗ್ಗಿ ನೋಡಿದಳು. "ಫಂಗಸ್ ಅಲ್ಲ. ಆ ಥರ ಚುಕ್ಕೆ ಇಲ್ಲ. ಬರೀ ಸುಟ್ಟಿದೆ. ಎಷ್ಟ್ ಸಲ ಹೋಗ್ತಾನೆ?"

"ಹದಿನಾಲ್ಕು, ಹದಿನೈದು."

"ಯಾರು ನೋಡ್ಕೊಳ್ಳೋದು?"

"ನಾನೇ," ಎಂದ ಪೇಂಟರ್. ದನಿಯಲ್ಲಿ ಒಂಚೂರು ಹೆಮ್ಮೆ ಇತ್ತು. ಹನ್ನೊಂದು ದಿನದಿಂದ ಈ ಕೆಲಸದಲ್ಲಿ ಒಂದು ಸಲವೂ ಸೋಮಾರಿತನ ಮಾಡಿರಲಿಲ್ಲ.

"ಸರಿ. ಮನೇಲಿ ಹೇಗೆ ಮಾಡ್ತೀರೋ ಹಾಗೇ ಮಾಡಿ. ನಾನಿಲ್ಲ ಅಂದ್ಕೊಳ್ಳಿ."

ಅವನು ಕೈಚೀಲದಿಂದ ತನ್ನ ಸಾಮಾನನ್ನೆಲ್ಲ ತೆಗೆದ. ಬೇಸನ್ನು, ಸೋಪು, ಒಗೆದು ಒಗೆದು ಮೆತ್ತಗಾದ ಬಟ್ಟೆ. ಎಡಗೈಯಲ್ಲಿ ಪಾದ ಹಿಡಿದು, ಬೆಂಚಿನ ಮೇಲೆ ತಾನೇ ಹಚ್ಚಿದ್ದ ಕ್ರೀಮನ್ನು ಅಂಚಿನಿಂದ ಒರೆಸತೊಡಗಿದ. ಮಗು ಬೆನ್ನು ಬಿಲ್ಲಾಗಿಸಿ ಕಿರುಚಿತು. ಎರಡನೆಯ ಸಲ ಒರೆಸಲು ಹೋದಾಗ ಅವನ ಮಣಿಕಟ್ಟನ್ನು ಯಾರೋ ಹಿಡಿದರು. ಚೀಲದಕ್ಕನ ಹಿಡಿತ ಗಟ್ಟಿಯಿತ್ತು.

"ಏನ್ ಮಾಡ್ತಿದೀರಿ?"

"ಹಳೇದು ತೆಗೀತಿದೀನಿ."

"ಯಾಕೆ?"

ಅವನು ಅವಳ ಮುಖ ನೋಡಿದ. ಇಂಥ ಪ್ರಶ್ನೆಯನ್ನು ಇಪ್ಪತ್ತೆರಡು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. "ತೆಗೀದೆ ಹೊಸದು ಹಚ್ಚೋದು ಹೇಗೆ ಸಿಸ್ಟರ್?"

"ಅದರಲ್ಲಿ ಕೊಳೆ ಎಲ್ಲಿದೆ, ತೋರ್ಸಿ."

"ಮೇಲ್ಗಡೆ... ಇಲ್ಲಿ."

"ಮೇಲ್ಗಡೆ. ಕೆಳಗೆ?"

ಕೆಳಗೆ ಬೆಳ್ಳಗಿತ್ತು.

ಚೀಲದಕ್ಕ ಅವನ ಕೈಯಿಂದ ಬಟ್ಟೆ ಕಿತ್ತುಕೊಂಡು ಬೇಸನ್ನಿಗೆ ಎಸೆದಳು. "ದಿನಕ್ಕೆ ಹದಿನೈದು ಸಲ ಹೀಗೆ ಉಜ್ಜಿದ್ರೆ ನನ್ನ ಕೈ ಚರ್ಮಾನೂ ಕಿತ್ತು ಬರುತ್ತೆ ಕಣಪ್ಪಾ. ಸೋಪು ಬೇರೆ! ಇವನು ಹೋಗಿ ಆಗಿರೋ ಗಾಯ ಇಷ್ಟೇ ಇಷ್ಟು. ಉಳಿದಿದ್ದು ಉಜ್ಜಿ ಉಜ್ಜಿ ಆಗಿರೋದು. ಒಂದು ಪದರ ಬರೋಷ್ಟರಲ್ಲಿ ನೀವು ಕಿತ್ತು ಹಾಕ್ತಿದೀರಿ." ಬೈಯುತ್ತಲೇ ಅವಳ ಕೈ ಕೆಲಸ ಮಾಡುತ್ತಿತ್ತು. ಒಂದು ಬಾಟಲಿಯಿಂದ ಉಗುರುಬೆಚ್ಚಗಿನ ನೀರನ್ನು ಸಣ್ಣಗೆ ಚಿಮ್ಮಿಸಿದಳು. ಹೊಲಸು ಹರಿದುಹೋಯಿತು. ಬಿಳಿ ಉಳಿಯಿತು. ಮೆತ್ತನೆಯ ಬಟ್ಟೆಯನ್ನು ಮೇಲೆ ಇಟ್ಟು ಒತ್ತಿ ತೆಗೆದಳು, ಉಜ್ಜಲಿಲ್ಲ. ಒಸರುತ್ತಿದ್ದ ಜಾಗಕ್ಕೆ ಪುಡಿ ಉದುರಿಸಿದಳು. ಆಮೇಲೆ ಡಬ್ಬಿಯಿಂದ ಗಟ್ಟಿ ಬಿಳಿ ಮುಲಾಮನ್ನು ಎರಡು ಬೆರಳಿನ ತುಂಬ ತೆಗೆದು ಮೆತ್ತಿದಳು. "ಬ್ರೆಡ್ಡಿಗೆ ಬೆಣ್ಣೆ ಹಚ್ಚೋ ಹಾಗಲ್ಲ. ನೀವೇನು ಕೆಲಸ ಮಾಡೋದು?"

"ಪೇಂಟಿಂಗ್."

"ಓ! ಅದಕ್ಕೇ." ಅವಳು ನಗಲಿಲ್ಲ. "ಗೋಡೇಲಿ ತೂತು ಇದ್ರೆ ಪುಟ್ಟಿ ಮೆತ್ತಲ್ವಾ, ಹಾಗೆ. ಚರ್ಮ ಕಾಣಲೇಬಾರದು. ಮೇಲೆ ಒಂಚೂರು ವ್ಯಾಸಲಿನ್, ಡೈಪರಿಗೆ ಅಂಟದ ಹಾಗೆ. ಅವನು ಹೋದಾಗ ಮೇಲಿನ ಕೊಳೆ ಮಾತ್ರ ತೆಗೀರಿ, ಹೋದಷ್ಟು ಜಾಗಕ್ಕೆ ಮತ್ತೆ ಮೆತ್ತಿ. ಪೂರ್ತಿ ತೆಗೆಯೋದು ದಿನಕ್ಕೊಂದೇ ಸಲ, ಎಣ್ಣೆ ಹಚ್ಚಿ ನೆನೆಸಿ. ಇದು ಚೆಂದ ಕಾಣೋಕೆ ಹಚ್ಚೋದಲ್ಲಪ್ಪ. ಗಲೀಜಾಗೇ ಇರಲಿ."

ಅವಳು ಮೆತ್ತಿದ್ದು ಎಲ್ಲೂ ಸಮ ಇರಲಿಲ್ಲ. ಒಂದು ಕಡೆ ದಿಬ್ಬ, ಒಂದು ಕಡೆ ಬೆರಳಿನ ಗುರುತು. ಮಗು ಬಿಕ್ಕುತ್ತ ಬೊಂಬೆಯ ಕಡೆ ಕೈ ಚಾಚಿತು.

"ಡಾಕ್ಟರು ಚೆನ್ನಾಗಿ ಕ್ಲೀನ್ ಮಾಡಿ ಅಂದಿದ್ರು," ಎಂದ ಪೇಂಟರ್.

"ಅಂದಿರ್ತಾರೆ," ಎಂದಳು ಚೀಲದಕ್ಕ. ಆಮೇಲೆ ಕನ್ನಡಕ ತೆಗೆದು ಒರೆಸಿಕೊಳ್ಳುತ್ತ, ದನಿ ಇಳಿಸಿ, "ನೀವು ಬೇಕು ಅಂತ ಮಾಡಿಲ್ಲ. ಹೋಗಿ, ಮನೇಲಿ ಅಮ್ಮಂಗೂ ಹೇಳ್ಕೊಡಿ," ಎಂದಳು.

ಮನೆಗೆ ಬರುವ ದಾರಿಯಲ್ಲಿ ಮಗು ಅವನ ಹೆಗಲ ಮೇಲೆ ನಿದ್ದೆ ಹೋಯಿತು. ಪೇಂಟರ್ ತನ್ನ ಬಲಗೈಯನ್ನು ನೋಡಿಕೊಂಡ. ಎಂಥ ಗೋಡೆಯಾದರೂ ಮಗುವಿನ ಕೆನ್ನೆಯ ಹಾಗೆ ಮಾಡಿಕೊಡುತ್ತೇನೆ ಎಂದು ಎಷ್ಟು ಮನೆಗಳಲ್ಲಿ ಜಂಬ ಕೊಚ್ಚಿದ್ದ! ಹನ್ನೊಂದು ದಿನ, ದಿನಕ್ಕೆ ಹದಿನೈದು. ಲೆಕ್ಕ ಹಾಕಲು ಹೋಗಿ ಅರ್ಧಕ್ಕೇ ಬಿಟ್ಟ. ಹೆಂಡತಿಯ ನಡುಗುವ ಕೈ, ಅರ್ಧ ಒರೆಸಿ ಅರ್ಧ ಬಿಟ್ಟು, ಹಳೆಯದರ ಮೇಲೇ ಮೆತ್ತುತ್ತಿದ್ದ ಕೈ, ಅದೇ ಸರಿಯಾಗಿತ್ತು. ಅದನ್ನು ಬಿಡಿಸಿದವನು ಅವನು.

ಸಂಜೆ ಹೆಂಡತಿ ಬಂದವಳೇ ಚಪ್ಪಲಿಯನ್ನೂ ಬಿಡದೆ ಕೇಳಿದಳು. "ಏನಂದ್ರು?"

"ಸೋಮವಾರ ನೋಡ್ತಾರಂತೆ. ಒಣಗಿದ್ರೆ ಮನೆಗೆ. ಇಲ್ದಿದ್ರೆ ಅಡ್ಮಿಟ್."

ಅವಳು ಗೋಡೆಗೆ ಒರಗಿದಳು. ಆಮೇಲೆ ಮಗುವಿನ ಹತ್ತಿರ ಬಂದು ಡೈಪರಿನ ಅಂಚು ಸರಿಸಿ ನೋಡಿ, "ಇದೇನ್ರೀ, ಹೀಗೆ ಮೆತ್ತಿದೀರಿ? ನೀವಾ ಮೆತ್ತಿದ್ದು?" ಎಂದಳು.

"ಚೀಲದಕ್ಕ ಹೇಳ್ಕೊಟ್ಲು. ಹೊಸ ರೀತಿ," ಎಂದ. ಅಲ್ಲಿಗೇ ನಿಲ್ಲಿಸಿದ. ಹೇಳಬೇಕಾದ ಉಳಿದ ಮಾತು ನಾಲಿಗೆಯ ತುದಿಗೆ ಬಂದು, ಅಲ್ಲೇ ಕೂತು, ವಾಪಸು ಹೋಯಿತು. ನಾಳೆ ಹೇಳಿದರಾಯಿತು ಎಂದುಕೊಂಡ. ಮರುದಿನವೂ ಹಾಗೇ ಅಂದುಕೊಂಡ.

ಶುಕ್ರವಾರ ಹದಿಮೂರು ಸಲ. ಕಿರುಚಾಟ ಅಳುವಾಯಿತು. ಮೇಲಿನ ಕೊಳೆಯನ್ನಷ್ಟೇ ತೆಗೆದು ಕೈ ಹಿಂದಕ್ಕೆ ತರುವುದು ಅವನಿಗೆ ಯಾವ ಗೋಡೆ ಕೆರೆಯುವುದಕ್ಕಿಂತಲೂ ಕಷ್ಟವಾಯಿತು. ಬೆರಳು ತಾನಾಗಿ ಅಂಚಿನ ಕಡೆ ಓಡುತ್ತಿತ್ತು. ಒಂದು ಸಲವಂತೂ ಎಡಗೈಯಿಂದ ಬಲಗೈಯನ್ನು ಹಿಡಿದು ಎಳೆದುಕೊಂಡ. ಶನಿವಾರ ಬೆಳಿಗ್ಗೆ ಎಣ್ಣೆ ಹಾಕಿ ನೆನೆಸಿ, ಪೂರ್ತಿ ತೆಗೆದು ನೋಡಿದಾಗ ಕೆಳಗೆ ರಕ್ತವಿರಲಿಲ್ಲ. ರಸ ಒಸರುತ್ತಿದ್ದ ಜಾಗ ಮಂಕಾಗಿ, ಒಣಗಿದಂತಿತ್ತು. ಅಂಚಿನಲ್ಲಿ ಸಾಸಿವೆಯಷ್ಟು ಅಗಲ ಹೊಸ ಚರ್ಮ ಬಂದಿತ್ತು, ತಿಳಿ ಗುಲಾಬಿ ಬಣ್ಣದ್ದು.

ಭಾನುವಾರ ಅವಳಿಗೆ ರಜೆ. ಮಧ್ಯಾಹ್ನದ ಬಿಸಿಲು ಚಾಪೆಯ ಅರ್ಧದವರೆಗೆ ಬಂದಿತ್ತು. ಮಗುವನ್ನು ಬರೀ ಮೈಯಲ್ಲಿ ಗಾಳಿಗೆ ಮಲಗಿಸಿದ್ದರು. ಅದು ತನ್ನ ಕಾಲಿನ ಹೆಬ್ಬೆರಳನ್ನು ಬಾಯಿಗೆ ತಂದುಕೊಳ್ಳುವ ಪ್ರಯತ್ನದಲ್ಲಿತ್ತು. ಅವಳು ಬಗ್ಗಿ, ಬಹಳ ಹೊತ್ತು ನೋಡಿದಳು. ಎರಡು ವಾರದಿಂದ ಅವಳು ಆ ಗಾಯವನ್ನು ನೇರ ನೋಡಿದ್ದೇ ಇರಲಿಲ್ಲ.

"ಒಣಗ್ತಿದೆ ಅಲ್ವಾ?"

"ಹೂಂ. ಒಣಗ್ತಿದೆ."

"ನಾಳೆ ಅಡ್ಮಿಟ್ ಅನ್ನಲ್ಲ ಅಲ್ವಾ?"

"ಅನ್ನಲ್ಲ."

ಅವಳ ಕಣ್ಣಲ್ಲಿ ನೀರು ತುಂಬಿತು. ಸೆರಗಿನಿಂದ ಒತ್ತಿಕೊಂಡಳು. "ಸದ್ಯ. ನಾನು ಮಾಡಿದ ತಪ್ಪು ಇಷ್ಟಕ್ಕೇ ಮುಗೀತು. ಅವಸರ ಮಾಡಿ ನನ್ನ ಮಗನ್ನ ನಾನೇ ಸುಟ್ಟೆ ಅಂತ ಮೆಷಿನ್ ಮುಂದೆ ಕೂತಾಗೆಲ್ಲ ಅದೇ ಯೋಚನೆ ರೀ. ಸೂಜಿ ಓಡಿದ ಹಾಗೆಲ್ಲ ಅದೇ."

ಪೇಂಟರ್ ಮುಲಾಮಿನ ಡಬ್ಬಿಯ ಮುಚ್ಚಳವನ್ನು ತಿರುಗಿಸಿ ಮುಚ್ಚಿದ. ಈಗ ಸುಮ್ಮನಿದ್ದರೆ ಯಾರಿಗೂ ಏನೂ ತಿಳಿಯುವುದಿಲ್ಲ. ಗಾಯ ವಾಸಿಯಾಗುತ್ತದೆ, ಚೀಲದಕ್ಕ ಮನೆಗೆ ಬಂದು ಹೇಳುವುದಿಲ್ಲ. ಇವಳು ಮಾತ್ರ ಜೀವನವಿಡೀ ಹಾಗೇ ಅಂದುಕೊಂಡಿರುತ್ತಾಳೆ.

"ನಿನ್ನಿಂದ ಅಲ್ಲ," ಎಂದ.

"ಬಿಡಿ, ಸಮಾಧಾನಕ್ಕೆ ಹೇಳ್ಬೇಡಿ."

"ಸಮಾಧಾನಕ್ಕಲ್ಲ. ಚೀಲದಕ್ಕ ನನ್ನ ಕೈ ಹಿಡಿದು ನಿಲ್ಲಿಸಿದ್ಲು. ನಾನು ಉಜ್ಜಿದ್ದಕ್ಕೇ ಆಗಿದ್ದು. ಹಳೇದನ್ನೆಲ್ಲ ತೆಗೀಬಾರದಾಗಿತ್ತು. ಸೋಪು ಹಾಕಬಾರದಾಗಿತ್ತು. ಮೊದಲು ಎರಡು ದಿನ ನೀನು ಮಾಡ್ತಿದ್ದೆಯಲ್ಲ, ಮೇಲಿಂದ ಮೇಲೆ ಮೆತ್ತಿ, ಅದೇ ಸರಿ. ನಾನೇ ನಿನ್ನ ಎಬ್ಬಿಸಿದೆ. ರಕ್ತ ಬಂದಿದ್ದು ನನ್ನ ಕೈಯಿಂದ. ಗುರುವಾರವೇ ಗೊತ್ತಾಯ್ತು. ಹೇಳೋಕೆ ಧೈರ್ಯ ಬರಲಿಲ್ಲ."

ಅವಳು ಅವನನ್ನು ನೋಡಿದಳು. ಬೈಯುತ್ತಾಳೆ ಎಂದುಕೊಂಡ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವಳ ತುಟಿ ಮಗುವಿನ ತುಟಿಯ ಹಾಗೆಯೇ ಒಮ್ಮೆ ಮುಂದೆ ಬಂದು ನಡುಗಿತು. ಎದ್ದು ಅಡುಗೆಮನೆಗೆ ಹೋದಳು. ನಲ್ಲಿ ಪೂರ್ತಿ ತಿರುಗಿತು. ನೀರು ಬಕೆಟ್ಟಿಗೆ ಧೋ ಎಂದು ಬೀಳತೊಡಗಿತು.

ಮಗು ಅಳುತ್ತಿರಲಿಲ್ಲ. ನಲ್ಲಿಯ ಸದ್ದು ಬಂದ ಕಡೆಗೆ ತಲೆ ತಿರುಗಿಸಿ, ಅಭ್ಯಾಸದಂತೆ ಅಪ್ಪನ ಮುಖ ನೋಡಿತು. ಪೇಂಟರ್ ಚಾಪೆಯ ಮೇಲೆ ಕೂತೇ ಇದ್ದ. ಬಕೆಟ್ಟು ತುಂಬಿ ಹರಿಯುವ ಸದ್ದು ಕೇಳಿಸಿತು. ನೀರು ಬಾಗಿಲಿನ ಹೊಸ್ತಿಲ ತನಕ ಬಂತು. "ಆಯ್ತು" ಎನ್ನಲು ಅವನ ಹತ್ತಿರ ಯಾವ ಕೆಲಸವೂ ಇರಲಿಲ್ಲ.

ಎಷ್ಟೋ ಹೊತ್ತಿನ ಮೇಲೆ ನಲ್ಲಿ ನಿಂತಿತು. ಅವಳು ಬಂದಾಗ ಮುಖ ತೊಳೆದುಕೊಂಡಿದ್ದಳು, ಮೂಗಿನ ತುದಿ ಕೆಂಪಗಿತ್ತು. ಕೈಯಲ್ಲಿ ನೀರು ಚಿಮ್ಮಿಸುವ ಬಾಟಲಿ. ಅಷ್ಟರಲ್ಲಿ ಮಗು ಚಾಪೆಯ ಬಟ್ಟೆಯನ್ನು ಕೆಡಿಸಿತ್ತು. ಅವಳು ನೀರನ್ನು ಮೊದಲು ತನ್ನ ಮಣಿಕಟ್ಟಿನ ಒಳಗಡೆ ಬಿಟ್ಟುಕೊಂಡು ಬಿಸಿ ನೋಡಿದಳು.

"ಸರೀರಿ ಆಕಡೆ," ಎಂದಳು. "ನಾನು ಮಾಡ್ತೀನಿ."

ಅವನು ಸರಿದ.

ಅವಳ ಕೈ ಈಗಲೂ ನಡುಗುತ್ತಿತ್ತು. ನೀರು ಬಿಟ್ಟಳು, ಒತ್ತಿ ತೆಗೆದಳು, ಡಬ್ಬಿಯಿಂದ ಬೆರಳ ತುಂಬ ಮುಲಾಮು ತೆಗೆದು ಮೆತ್ತಿದಳು. ಒಂದು ಕಡೆ ದಪ್ಪ ಬಂತು, ಒಂದು ಕಡೆ ಮಡಿಕೆಯಂತೆ ಉಬ್ಬುತಗ್ಗು. ತೊಡೆಯ ಮೇಲೂ ಒಂದಿಷ್ಟು ಹತ್ತಿತು. ಮಗು ಮೂಗಿನಲ್ಲಿ ಒಂದು ಸಲ ಕುಂಯ್ ಎಂದು, ಸುಮ್ಮನಾಗಿ, ಅವಳ ಕೊರಳಿನ ಸರವನ್ನು ಹಿಡಿಯಲು ಕೈ ಎತ್ತಿತು. ಅಂಚಿನಲ್ಲಿ ಒಂದು ಬಿಳಿ ಉಂಡೆ ಅಡ್ಡಾದಿಡ್ಡಿ ನಿಂತಿತ್ತು. ಪೇಂಟರ್ ಅದನ್ನೇ ನೋಡುತ್ತಿದ್ದ. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು, ಅದರ ಮೇಲೇ ಕೂತಿದ್ದ.